ಪೆರು ಪ್ರವಾಸ: ಅವ್ವ, ಬಟಾಟಿ ಮತ್ತು ಎರಡು ‘ನಾವು’

ಪುಣೆಯಲ್ಲಿ ‘ಪೇರು’ ಅಂದರೆ ಪೇರಲ ಹಣ್ಣು. ಹಾಗಾಗಿ 2024ರ ಬೇಸಿಗೆ ರಜೆಗೆ ಪೆರು ದೇಶಕ್ಕೆ ಹೊರಟಿದ್ದೇವೆ ಎಂದಾಗ ನಮ್ಮ ಸೊಸೈಟಿಯಲ್ಲಿ ನಗದವರೇ ಇರಲಿಲ್ಲ. ‘ಬರುವಾಗ ಎರಡು ಕಿಲೋ ತನ್ನಿ’ ಎಂದು ಕೆಳಗಿನ ಮನೆಯ ಅಜ್ಜ ದಿನಾ ನೆನಪಿಸುತ್ತಿದ್ದರು. ಅವ್ವ ಮಾತ್ರ ನಗಲಿಲ್ಲ. ನಾನು ‘ಅವ್ವಾ, ನಾವು ಪೆರುಗೆ ಹೊಂಟೀವಿ’ ಎಂದಾಗ ಅವಳು ಅಕ್ಕಿ ಆರಿಸುತ್ತಲೇ, ‘ಹೋಗಿ ಬರ್ರಿ. ನಾ ಅಲ್ಲೀತನಕ ಧಾರವಾಡದಾಗ ಇರ್ತೀನಿ’ ಎಂದಳು.

‘ನೀನೂ ಬರಾಕಿ ಅದಿ’ ಎಂದು ತಿಳಿಸಿ ಹೇಳಿ ಒಪ್ಪಿಸಲು ಒಂದು ವಾರ ಬೇಕಾಯಿತು. ಅವ್ವನಿಗೆ 67 ವರ್ಷ. ಅಪ್ಪ ಹೋದ ಮೇಲೆ ನಮ್ಮೊಡನೆ ಪುಣೆಗೆ ಬಂದವಳು. ಬಿ.ಪಿ. ಇದೆ, ಮೊಣಕಾಲು ನೋವಿದೆ. ಮರಾಠಿ ಅರ್ಥವಾಗುತ್ತದೆ, ಮಾತಾಡಲು ಹಿಂಜರಿಕೆ. ಹತ್ತು ವರ್ಷದ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿ, ಹಿಂದಿ, ಇಂಗ್ಲಿಷು ಯಾವುದರಲ್ಲಾದರೂ ಬಂದೀತು. ಪುಣೆಯ ಕನ್ನಡದ ಮನೆಗಳಲ್ಲಿ ಇದು ಹೊಸ ಕತೆಯೇನಲ್ಲ. ಶಾಲೆಯ ಪ್ರಾಜೆಕ್ಟಿಗೆಂದು ಮಾಚು ಪಿಚುವಿನ ಮಾದರಿ ಮಾಡಿದವನೇ ಅವನು. ಪೆರುವಿನ ಹುಚ್ಚು ಮನೆಗೆ ಬಂದದ್ದೂ ಅವನಿಂದಲೇ.

ನಮಗೆ ಸ್ಪ್ಯಾನಿಷ್ ಬರದು, ಜೊತೆಗೆ ಹಿರಿಯರು. ಹಾಗಾಗಿ ಗ್ರೂಪ್ ಟೂರೇ ಸರಿ ಎನಿಸಿತು. ಒಟ್ಟು 26 ಜನ, ಅವರಲ್ಲಿ ಕನ್ನಡದವರು ನಾವು ನಾಲ್ವರೇ. ಉಳಿದವರೆಲ್ಲ ಪುಣೆ, ಮುಂಬೈಯ ಮರಾಠಿ ಮಂದಿ. ಬಾಕರವಡಿ, ಥೇಪ್ಲಾ, ಮೆತ್‌ಕೂಟ್ ಎಲ್ಲ ಸಿದ್ಧವಾಗಿತ್ತು. ಅವ್ವನ ಬ್ಯಾಗಿನಲ್ಲಿ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ.

ಶೇಂಗಾದ ತವರು

ಮುಂಬೈಯಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಒಂಬತ್ತು ತಾಸು, ಅಲ್ಲಿಂದ ಲಿಮಾಕ್ಕೆ ಮತ್ತೆ ಹನ್ನೆರಡು ತಾಸಿಗೂ ಮಿಕ್ಕಿ. ಪೆರುವಿನ ಗಡಿಯಾರ ನಮಗಿಂತ ಹತ್ತೂವರೆ ತಾಸು ಹಿಂದೆ. ಇಳಿದ ಮೇಲೆ ಎರಡು ದಿನ ಯಾವುದು ಹಗಲು, ಯಾವುದು ರಾತ್ರಿ ಎಂಬುದೇ ತಿಳಿಯಲಿಲ್ಲ.

ಲಿಮಾ ವಿಚಿತ್ರ ಊರು. ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ 1535ರಲ್ಲಿ ಕಟ್ಟಿಸಿದ ರಾಜಧಾನಿ. ಸಮುದ್ರದ ದಂಡೆಯಲ್ಲಿದ್ದರೂ ಅದು ಮರುಭೂಮಿ, ಮಳೆ ಬರುವುದೇ ಇಲ್ಲ ಎನ್ನಬಹುದು. ಮಳೆಯ ಬದಲು ಮಂಜು. ಮಿರಾಫ್ಲೋರೆಸ್ ಬಡಾವಣೆಯ ಎತ್ತರದ ದಂಡೆಯ ಮೇಲೆ ನಿಂತರೆ ಕೆಳಗೆ ಪೆಸಿಫಿಕ್ ಸಾಗರ, ಮೇಲೆ ಬೂದು ಬಣ್ಣದ ಆಕಾಶ. ‘ಮಳಿ ಇಲ್ಲದ ಇಷ್ಟ್ ಹಸರ್ ಹ್ಯಾಂಗ?’ ಎಂದು ಅವ್ವ ಕೇಳಿದಳು. ಆಂಡಿಸ್ ಪರ್ವತದಿಂದ ಇಳಿದು ಬರುವ ನದಿಗಳ ನೀರಿನ ಮೇಲೆಯೇ ಇಡೀ ಊರು ನಿಂತಿದೆ.

ಲಾರ್ಕೊ ಮ್ಯೂಸಿಯಂನಲ್ಲಿ ನನಗೆ ಚಿನ್ನ ಬೆಳ್ಳಿ ನೋಡುವ ಆಸೆ. ಅವ್ವ ನಿಂತದ್ದು ಮಡಕೆಗಳ ಮುಂದೆ. ಇಂಕಾಗಳಿಗಿಂತ ಸಾವಿರ ವರ್ಷ ಮೊದಲೇ ಉತ್ತರ ಕರಾವಳಿಯಲ್ಲಿ ಬಾಳಿದ ಮೊಚೆ ಜನ ತಮ್ಮ ಮಡಕೆಗಳನ್ನು ತಾವು ಬೆಳೆದ ಪದಾರ್ಥಗಳ ಆಕಾರದಲ್ಲಿ ಮಾಡುತ್ತಿದ್ದರು. ಬಟಾಟಿಯಂಥ ಮಡಕೆ, ಗೋವಿನಜೋಳದಂಥ ಮಡಕೆ, ಶೇಂಗಾದಂಥ ಮಡಕೆ. ‘ಇವರಿಗೆ ಶೇಂಗಾ ಎಲ್ಲಿಂದ ಬಂತು?’ ಎಂದಳು ಅವ್ವ.

ಪ್ರಶ್ನೆ ತಿರುಗಮುರುಗ ಆಗಿತ್ತು. ಶೇಂಗಾ, ಬಟಾಟಿ, ಮೆಣಸಿನಕಾಯಿ, ಟೊಮ್ಯಾಟೊ ಎಲ್ಲದರ ತವರು ಅಮೆರಿಕ ಖಂಡ. ಪೋರ್ಚುಗೀಸರು ಬರುವ ಮೊದಲು ನಮ್ಮ ನಾಡಿನಲ್ಲಿ ಇವು ಯಾವುವೂ ಇರಲಿಲ್ಲ, ಖಾರಕ್ಕೆ ಇದ್ದದ್ದು ಕರಿಮೆಣಸು. ಅಂದರೆ ಅವ್ವ ಧಾರವಾಡದಿಂದ ಕಟ್ಟಿಕೊಂಡು ಬಂದ ಚಟ್ನಿಪುಡಿಯ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ಎರಡೂ ತವರಿಗೆ ಮರಳಿದ್ದವು. ಅದನ್ನು ಕೇಳಿದ ಮೇಲೆ ಅವ್ವನ ಮುಖದಲ್ಲಿ ಮೊದಲ ಸಲ ಸಲಿಗೆ ಕಂಡಿತು. ಆ ಊರು ಅಷ್ಟೇನೂ ಪರದೇಶವಲ್ಲ ಎನಿಸಿರಬೇಕು.

ಕುಸ್ಕೊದ ರಾತ್ರಿ

ನಾಲ್ಕನೆಯ ದಿನ ಬೆಳಿಗ್ಗೆ ಲಿಮಾದಿಂದ ಕುಸ್ಕೊಗೆ ವಿಮಾನ. ಒಂದೂಕಾಲು ತಾಸಿನ ಹಾರಾಟ. ಆದರೆ ಸಮುದ್ರ ಮಟ್ಟದಲ್ಲಿ ಏರಿದವರನ್ನು ಅದು ಸುಮಾರು 3,400 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಪುಣೆ ಇರುವುದು 560 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 1,900 ಮೀಟರ್ ದಾಟಿ ಸ್ವಲ್ಪವೇ. ಕುಸ್ಕೊವನ್ನು ಹೋಲಿಸಬೇಕಾದರೆ ಲಡಾಖಿನ ಲೇಹ್‌ಗೆ ಹೋಲಿಸಬೇಕು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೆಯ ಎರಡು ಭಾಗವಷ್ಟೇ, ಪ್ರತಿ ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಎರಡು ಮೂರು ದಿನ ಬೇಕು.

ನಮ್ಮ ವೇಳಾಪಟ್ಟಿಯಲ್ಲಿ ಆ ಎರಡು ಮೂರು ದಿನ ಇರಲಿಲ್ಲ. ಇಳಿದ ದಿನ ಮಧ್ಯಾಹ್ನವೇ ಸಕ್ಸಾವಮಾನ್ ಕೋಟೆ ನೋಡುವುದಿತ್ತು. ಅದು ಊರಿಗಿಂತ ಇನ್ನೂ ಮೇಲೆ, 3,700 ಮೀಟರಿನಲ್ಲಿದೆ. ನೂರು ಟನ್ನಿಗೂ ಹೆಚ್ಚು ತೂಗುವ ಬಂಡೆಗಳನ್ನು ಗಾರೆಯಿಲ್ಲದೆ ಒಂದರ ಮಗ್ಗುಲಿಗೆ ಒಂದು ಕೂರಿಸಿದ್ದಾರೆ, ನಡುವೆ ಚಾಕು ತೂರಿಸಲೂ ಸಂದಿಲ್ಲ. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರೆ ಅವ್ವ ಒಂದು ಕಲ್ಲಿಗೆ ಒರಗಿ ಕೂತುಬಿಟ್ಟಳು. ಕೇಳಿದರೆ ‘ಏನಿಲ್ಲ, ಪ್ರಯಾಣದ ದಣಿವು’ ಎಂದಳು. ನಾನೂ ನಂಬಿದೆ.

ರಾತ್ರಿ ಹೋಟೆಲಿನಲ್ಲಿ ತಲೆಸಿಡಿತ, ವಾಂತಿ, ಏದುಸಿರು. ಬೆರಳಿಗೆ ಹಾಕಿದ ಆಕ್ಸಿಮೀಟರ್ 74 ತೋರಿಸಿತು. ಆ ಎತ್ತರದಲ್ಲಿ 80ರ ಮೇಲಿನ ಅಂಕಿ ಕಂಡರೆ ಗಾಬರಿಯಿಲ್ಲವಂತೆ, 74 ಮಾತ್ರ ಒಳ್ಳೆಯದಲ್ಲ. ಹೋಟೆಲಿನವರು ಆಕ್ಸಿಜನ್ ಸಿಲಿಂಡರ್ ತಂದರು, ಡಾಕ್ಟರ್ ಬಂದರು. ಅಲ್ಲಿ ಇದಕ್ಕೆ ‘ಸೊರೋಚೆ’ ಎನ್ನುತ್ತಾರೆ, ಅವರಿಗೆ ದಿನನಿತ್ಯದ ಕೆಲಸ. ಶ್ವಾಸಕೋಶದಲ್ಲಿ ನೀರು ತುಂಬಿಲ್ಲ ಎಂದು ನೋಡಿ ಹೇಳಿದರು. ಆದರೆ ‘ಬೆಳಿಗ್ಗೆ ಇವರು ಕೆಳಗಿಳಿಯಬೇಕು. ಇದಕ್ಕೆ ಅದೇ ನಿಜವಾದ ಔಷಧ’ ಎಂದರು.

ಪುಣೆಯ ನಮ್ಮ ಡಾಕ್ಟರು ಇದಕ್ಕೆಂದೇ ಮಾತ್ರೆ ಬರೆದುಕೊಟ್ಟಿದ್ದರು, ಹಿಂದಿನ ದಿನದಿಂದಲೇ ಶುರು ಮಾಡಲು ಹೇಳಿದ್ದರು. ‘ತಗೊಂಡಿಯಲ್ಲಾ?’ ಎಂದು ಕೇಳಿದೆ. ಅವ್ವ ಸುಮ್ಮನಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮಾಸ್ಕ್ ಸರಿಸಿ ಹೇಳಿದಳು: ‘ಒಂದ ತಗೊಂಡೆ. ಅದನ್ನ ತಗೊಂಡ್ರ ತಾಸಿಗೊಮ್ಮೆ ಬಾಥ್‌ರೂಮಿಗೆ ಹೋಗಬೇಕಾಗ್ತದ. ಅಷ್ಟ್ ಮಂದಿ ಇರೋ ಬಸ್ ನನ್ನ ಸಲುವಾಗಿ ನಿಂದ್ರಸ್ಬೇಕೇನು? ಅವರೆಲ್ಲಾ ಏನಂದಾರು?’

ಸಿಟ್ಟು ಬಂತು. ಆಮೇಲೆ ಆ ‘ಅವರೆಲ್ಲಾ’ ಎನ್ನುವ ಮಾತು ಕಿವಿಯಲ್ಲಿ ಉಳಿಯಿತು. ನಾಲ್ಕು ದಿನ ಒಂದೇ ಬಸ್ಸಿನಲ್ಲಿ ಕೂತು, ಒಂದೇ ಮೇಜಿನಲ್ಲಿ ಉಂಡಿದ್ದರೂ ಅವ್ವನ ಲೆಕ್ಕದಲ್ಲಿ ಅವರು ಅವರೇ, ತಾನು ಬೇರೆಯೇ.

ಟೂರ್ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ, ಉಳಿದವರ ಜವಾಬ್ದಾರಿ ಅವನ ತಲೆಯ ಮೇಲಿತ್ತು. ‘ತುಮ್ಹೀ ಖಾಲೀ ಜಾ, ಆಮ್ಹೀ ಠರಲ್ಯಾಪ್ರಮಾಣೇ ಇಥೇ ಥಾಂಬತೋ’ ಎಂದ. ನೀವು ಕೆಳಗೆ ಹೋಗಿ, ನಾವು ಗೊತ್ತಾದಂತೆ ಇಲ್ಲೇ ಇರುತ್ತೇವೆ. ಮಗ ಗ್ರೂಪಿನ ಜೊತೆಗೇ ಇರಲಿ, ಹೆಂಡತಿ ಅವನೊಡನೆ ಉಳಿಯಲಿ, ನಾನು ಅವ್ವನನ್ನು ಕರೆದುಕೊಂಡು ಟ್ಯಾಕ್ಸಿಯಲ್ಲಿ ಕಣಿವೆಗೆ ಇಳಿಯುವುದು ಎಂದಾಯಿತು. ಆಗ ಬಾಗಿಲಲ್ಲಿ ನಿಂತಿದ್ದ ಗ್ರೂಪಿನ ಒಬ್ಬ ಕಾಕು ಒಳಗೆ ಬಂದರು. ನಿವೃತ್ತ ನರ್ಸ್, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರು. ಅವ್ವನ ಕೈ ಹಿಡಿದು, ‘ಆಪಣ್ ಸಕಾಳೀ ಖಾಲೀ ಜಾಊಯಾ’ ಎಂದರು. ಬೆಳಿಗ್ಗೆ ನಾವು ಕೆಳಗೆ ಹೋಗೋಣ. ನಾನು ಬೇಡವೆಂದರೂ ಕೇಳಲಿಲ್ಲ. ‘ಚರ್ಚುಗಳನ್ನು ಬಹಳ ನೋಡಿದ್ದೇನೆ’ ಎಂದು ಕುಸ್ಕೊದ ಎರಡು ದಿನಗಳನ್ನು ಬಿಟ್ಟುಕೊಟ್ಟರು.

ಕಣಿವೆಯಲ್ಲಿ ಎರಡು ದಿನ

ಕೆಳಗಿಳಿಯುವ ದಾರಿ ಮೊದಲು ಮೇಲೆ ಹತ್ತುತ್ತದೆ. ಕುಸ್ಕೊದಿಂದ ಉರುಬಂಬಾಕ್ಕೆ ಹೋಗುವ ರಸ್ತೆ ಚಿಂಚೇರೊ ಎಂಬ ಊರಿನಲ್ಲಿ 3,700 ಮೀಟರ್ ದಾಟಿ, ಆಮೇಲೆ ಇಳಿಯುತ್ತದೆ. ಆ ಮುಕ್ಕಾಲು ತಾಸು ನಾನು ಹಿಮಾಚ್ಛಾದಿತ ಶಿಖರಗಳನ್ನು ನೋಡಲಿಲ್ಲ, ಆಕ್ಸಿಮೀಟರನ್ನೇ ನೋಡುತ್ತಿದ್ದೆ. ಕಾಕು ಮಾತ್ರ ಸಿಲಿಂಡರಿನ ಕೀಲಿ ತಿರುಗಿಸುತ್ತ ಅವ್ವನಿಗೆ ಮರಾಠಿಯಲ್ಲಿ ತಮ್ಮ ಸೊಸೆಯ ಕತೆ ಹೇಳುತ್ತಿದ್ದರು. ತಿರುವುಗಳು ಇಳಿಯುತ್ತ ಇಳಿಯುತ್ತ ಅಂಕಿ 80, 84, 87 ಆಯಿತು. ಉರುಬಂಬಾ ಸುಮಾರು 2,870 ಮೀಟರ್. ಅಲ್ಲಿ ಅವ್ವ ಸಂಜೆಯತನಕ ಮಲಗಿ, ಎದ್ದು ಚಹಾ ಕೇಳಿದಳು. ಮರುದಿನ ಬೆಳಿಗ್ಗೆ ರೊಟ್ಟಿ, ಚಟ್ನಿ ಕೇಳಿದಳು. ಬದುಕಿತು ಬಡಜೀವ ಎಂದುಕೊಂಡೆ.

ಆ ದಿನ ಮೂವರೂ ನಿಧಾನವಾಗಿ ಊರ ಸಂತೆಗೆ ಹೋದೆವು. ಬಟಾಟಿಯ ಸಾಲು ನೋಡಿ ಅವ್ವ ಅಲ್ಲೇ ಕೂತಳು. ಕೆಂಪು, ನೇರಳೆ, ಕಪ್ಪು, ಹಳದಿ. ಉದ್ದನೆಯವು, ಬೆರಳಿನಂಥವು, ಗಂಟುಗಂಟಾದವು. ಆಂಡಿಸ್‌ನ ರೈತರು ಬೆಳೆಯುವ ಬಟಾಟಿಯ ತಳಿಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಅವನ್ನು ಕಾಪಿಡುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 1971ರಿಂದ ಲಿಮಾದಲ್ಲಿದೆ. ನಾವು ಬಟಾಟಿ ಎನ್ನುವುದು ಪೋರ್ಚುಗೀಸರಿಂದ ಬಂದ ಮಾತು; ಅಲ್ಲಿನ ಮೂಲ ಹೆಸರು ‘ಪಾಪಾ’. ಒಂದು ಚೀಲದಲ್ಲಿ ಬೆಣಚುಕಲ್ಲಿನಂಥ ಬಿಳಿ ಗಡ್ಡೆಗಳಿದ್ದವು. ಅದು ‘ಚುನ್ಯೊ’. ಎತ್ತರದ ಹೊಲದಲ್ಲಿ ಬಟಾಟಿಯನ್ನು ರಾತ್ರಿ ಹಿಮಕ್ಕೆ ಬಿಟ್ಟು, ಹಗಲು ಬಿಸಿಲಿಗೆ ಹಾಕಿ, ಕಾಲಿನಿಂದ ತುಳಿದು ನೀರು ಹಿಂಡಿ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ‘ನಮ್ಮ ಸಂಡಿಗಿ ಇದ್ದಂಗ’ ಎಂದಳು ಅವ್ವ. ಅವಳ ತವರಿನಲ್ಲಿ ಮುಂಗಾರಿಗೆ ಬಟಾಟಿ ಹಾಕುತ್ತಿದ್ದರು. ಮಾರುವ ಹೆಂಗಸಿಗೆ ಸ್ಪ್ಯಾನಿಷೇ ಸರಿಯಾಗಿ ಬಾರದು, ಅವ್ವನಿಗೆ ಕನ್ನಡ ಬಿಟ್ಟು ಬಾರದು. ಆದರೂ ಇಬ್ಬರೂ ಕೈಸನ್ನೆಯಲ್ಲೇ ಬಟಾಟಿಗೆ ತಗಲುವ ಹುಳದ ಬಗ್ಗೆ ಮಾತಾಡಿದರು ಎಂದು ನನ್ನ ಅಂದಾಜು.

ಅದೇ ದಿನ ಕುಸ್ಕೊದಲ್ಲಿ ಕಾರ್ಪಸ್ ಕ್ರಿಸ್ಟಿ ಹಬ್ಬ. ನಾವು ತಪ್ಪಿಸಿಕೊಂಡೆವು, ಮಗ ನೋಡಿದ. ರಾತ್ರಿ ವಿಡಿಯೋ ಕರೆ ಮಾಡಿದವನೇ ಅಜ್ಜಿಯನ್ನೇ ಕೇಳಿದ. ‘ಅಜ್ಜಿ, ಹದಿನೈದು ದೇವರು ಬಂದಿದ್ವು. ಮಂದಿ ಹೆಗಲ ಮ್ಯಾಲೆ... ಪಾಲ್ಖೀಗೆ ಏನಂತಾರ ಕನ್ನಡದಾಗ?’ ‘ಪಲ್ಲಕ್ಕಿ’ ಎಂದಳು ಅವ್ವ. ‘ಹಾಂ, ಪಲ್ಲಕ್ಕಿ. ಭಾಳ ಭಾರ ಇತ್ತು.’ ಊರಿನ ಬೇರೆ ಬೇರೆ ಚರ್ಚುಗಳಿಂದ ಬಂದ 15 ಸಂತರ ಮತ್ತು ಮೇರಿಯಮ್ಮಂದಿರ ಮೂರ್ತಿಗಳು ಚೌಕವನ್ನು ಸುತ್ತಿದ ಕತೆಯನ್ನು ಅರ್ಧ ತಾಸು ಹೇಳಿದ. ಹಿಂದೆ ಇಂಕಾಗಳು ಸತ್ತ ದೊರೆಗಳ ಮಮ್ಮಿಗಳನ್ನು ಇದೇ ಚೌಕದಲ್ಲಿ ಮೆರವಣಿಗೆ ಮಾಡುತ್ತಿದ್ದರಂತೆ, ಅದನ್ನೂ ಹೇಳಿದ. ಯಾವಾಗಲೂ ಅಜ್ಜಿ ಹೇಳುವುದು, ಇವನು ‘ಹೂಂ’ ಎನ್ನುವುದು. ಆ ರಾತ್ರಿ ನೋಡಿದವನು ಇವನು, ಕೇಳುವವಳು ಅವಳು. ಹಾಗಾಗಿ ಕನ್ನಡ ಬೇಕಾಯಿತು, ಬಂತು.

ರೈಲಿನಲ್ಲಿ ವ್ಯಾಕರಣ

ಮೂರನೆಯ ದಿನ ಗ್ರೂಪ್ ಕಣಿವೆಗೆ ಇಳಿದು ಬಂದು ನಮ್ಮನ್ನು ಕೂಡಿಕೊಂಡಿತು. ಮರುದಿನ ಒಯ್ಯಂತಾಯ್ತಂಬೊ ನಿಲ್ದಾಣದಿಂದ ಎಲ್ಲರೂ ರೈಲು ಹತ್ತಿದೆವು. ನದಿಯ ಮಗ್ಗುಲಲ್ಲೇ ಒಂದೂಮುಕ್ಕಾಲು ತಾಸಿನ ಪ್ರಯಾಣ. ನಮ್ಮ ಸ್ಥಳೀಯ ಗೈಡ್ ಮೂವತ್ತರ ಹೆಣ್ಣುಮಗಳು. ಅವಳ ಅಜ್ಜಿಗೆ ಇಂಕಾಗಳ ಭಾಷೆ ಕೆಚುವಾ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ತಾಯಿಗೆ ಎರಡೂ ಬರುತ್ತಿತ್ತು, ಆದರೆ ಶಾಲೆಯಲ್ಲಿ ಹಂಗಿಸುತ್ತಾರೆಂದು ಮಗಳಿಗೆ ಕಲಿಸಲಿಲ್ಲ. ಇವಳು ಕೆಚುವಾ ಕಲಿತದ್ದು ದೊಡ್ಡವಳಾದ ಮೇಲೆ, ತರಗತಿಗೆ ಹೋಗಿ, ದುಡ್ಡು ಕೊಟ್ಟು.

ಈ ನಾಚಿಕೆಗೆ ಹಿಂದಿನ ಕತೆಯಿದೆ. 1780ರಲ್ಲಿ ತುಪಾಕ್ ಅಮಾರು ಎಂಬ ನಾಯಕ ಸ್ಪ್ಯಾನಿಷರ ವಿರುದ್ಧ ದಂಗೆಯೆದ್ದ. 1781ರ ಮೇ ತಿಂಗಳಲ್ಲಿ ಅವನನ್ನು ಕುಸ್ಕೊದ ಚೌಕದಲ್ಲೇ ಕೊಂದು, ಅವನ ಜನರ ಉಡುಪು, ಭಾಷೆಗಳನ್ನೂ ಅಳಿಸಲು ಆಜ್ಞೆ ಹೊರಡಿಸಿದರು. ಕೆಚುವಾಕ್ಕೆ ಅಧಿಕೃತ ಭಾಷೆಯ ಮನ್ನಣೆ ಸಿಕ್ಕಿದ್ದು 1975ರಲ್ಲಿ. 2017ರ ಜನಗಣತಿಯಲ್ಲಿ ಅದನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 37 ಲಕ್ಷ.

ಅವಳು ಕೆಲವು ಪದ ಹೇಳಿಕೊಟ್ಟಳು. ‘ವಾಸಿ’ ಎಂದರೆ ಮನೆ. ‘ವಾಸಿಪಿ’ ಎಂದರೆ ಮನೆಯಲ್ಲಿ. ‘ವಾಸಿಕುನಾಪಿ’ ಎಂದರೆ ಮನೆಗಳಲ್ಲಿ. ನಮ್ಮಂತೆಯೇ ಬಾಲಕ್ಕೆ ಬಾಲ ಜೋಡಿಸುವ ಭಾಷೆ, ಕ್ರಿಯಾಪದವೂ ನಮ್ಮಂತೆ ಕೊನೆಗೆ. ಆಮೇಲೆ, ‘ನಮ್ಮಲ್ಲಿ ನಾವು ಎನ್ನಲು ಎರಡು ಪದ, ಅದು ಹೊರಗಿನವರಿಗೆ ತಿಳಿಯುವುದು ಕಷ್ಟ’ ಎಂದಳು. ಕೇಳುವವರನ್ನೂ ಸೇರಿಸಿಕೊಂಡರೆ ‘ನ್ಯೊಕಾಂಚಿಸ್’. ಕೇಳುವವರನ್ನು ಬಿಟ್ಟು ನಾವಷ್ಟೇ ಎಂದರೆ ‘ನ್ಯೊಕಾಯ್ಕು’.

ನನ್ನ ಮಗ ಕೂತಲ್ಲಿಂದಲೇ, ‘ಆಪಣ್ ಮತ್ತು ಆಮ್ಹೀ!’ ಎಂದು ಕೂಗಿದ. ಇಡೀ ಡಬ್ಬಿ ನಕ್ಕಿತು. ಆ 26 ಜನರಿಗೆ ಅದು ಕಷ್ಟವೇ ಆಗಿರಲಿಲ್ಲ.

‘ನಮ್ಮದರಾಗ ಹಿಂಗ ಎರಡದಾವೇನು?’ ಎಂದು ಅವ್ವ ನನ್ನನ್ನು ಕೇಳಿದಳು. ಇಲ್ಲ. ತಮಿಳಿನಲ್ಲಿ, ತೆಲುಗಿನಲ್ಲಿ ಎರಡಿವೆ, ನಾವು ಇಂದು ಆಡುವ ಕನ್ನಡದಲ್ಲಿ ‘ನಾವು’ ಒಂದೇ. ‘ಒಂದ ಸಾಕು ಬಿಡು. ಯಾರನ್ನ ಹಿಡಿಯೂದು, ಯಾರನ್ನ ಬಿಡೂದು ಅಂತ ಪ್ರತಿ ಸಲ ಯಾಕ ವಿಚಾರ ಮಾಡೂದು’ ಎಂದಳು.

ನನಗೆ ಮಾತ್ರ ಆ ಅಕ್ಕಿ ಆರಿಸುತ್ತಿದ್ದ ದಿನ ನೆನಪಾಯಿತು. ‘ನಾವು ಪೆರುಗೆ ಹೊಂಟೀವಿ’ ಎಂದು ನಾನು ಹೇಳಿದ್ದು ಆಪಣ್ ಎಂದು. ಅವಳು ಕೇಳಿಸಿಕೊಂಡದ್ದು ಆಮ್ಹೀ ಎಂದು. ಮೂರು ವರ್ಷದಲ್ಲಿ ಎಷ್ಟು ಸಲ ಹೀಗಾಗಿರಬೇಕು? ‘ನಾವು ಹೊರಗೆ ಊಟಕ್ಕೆ ಹೋಗ್ತೀವಿ’, ‘ನಾವು ಹೊಸ ಮನೆ ನೋಡ್ತಿದ್ದೀವಿ’. ಒಂದೇ ಪದ ಇರುವಾಗ ಸೇರಿದ್ದೀಯ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಹಿರಿಯರು ತಾವಾಗಿಯೇ ಹೊರಗೆ ನಿಲ್ಲುತ್ತಾರೆ, ಮಾತ್ರೆಯನ್ನೂ ನುಂಗದೆ.

ಮಾಚು ಪಿಚು

ಮಾಚು ಪಿಚುವಿನ ಎತ್ತರ 2,430 ಮೀಟರ್, ಕುಸ್ಕೊಗಿಂತ ಸುಮಾರು ಒಂದು ಸಾವಿರ ಮೀಟರ್ ಕೆಳಗೆ. ಅವ್ವನಿಗೆ ಉಸಿರಿನ ತೊಂದರೆ ಆಗಲಿಲ್ಲ, ಮೊಣಕಾಲಿನದೇ ಚಿಂತೆ. ಕೆಳಗಿನ ದಾರಿಯಲ್ಲಿ ಕೋಲು ಹಿಡಿದು ನಡೆದಳು, ಒಂದು ಕಡೆ ಕಾಕು, ಇನ್ನೊಂದು ಕಡೆ ಮೊಮ್ಮಗ.

15ನೆಯ ಶತಮಾನದಲ್ಲಿ ಇಂಕಾ ದೊರೆ ಪಚಾಕುತಿಯ ಕಾಲದಲ್ಲಿ ಕಟ್ಟಿದ್ದು. ಆಗ ನಮ್ಮಲ್ಲಿ ವಿಜಯನಗರ. 1532ರಲ್ಲಿ ಪಿಸಾರೊ ಇಂಕಾ ದೊರೆ ಅತಾವಾಲ್ಪಾನನ್ನು ಸೆರೆ ಹಿಡಿದ. 1565ರಲ್ಲಿ ನಮ್ಮಲ್ಲಿ ರಕ್ಕಸ ತಂಗಡಿ ಯುದ್ಧ. ಹಂಪಿಯನ್ನು ಕೊಳ್ಳೆ ಹೊಡೆದರು. ಮಾಚು ಪಿಚುವನ್ನು ಸ್ಪ್ಯಾನಿಷರು ಮುಟ್ಟಲಿಲ್ಲ, ಅದಕ್ಕೇ ಉಳಿಯಿತು. ಅಮೆರಿಕದ ಹೈರಮ್ ಬಿಂಗಮ್ 1911ರ ಜುಲೈ 24ರಂದು ಇದನ್ನು ‘ಕಂಡುಹಿಡಿದ’ ಎನ್ನುತ್ತಾರೆ. ಅವನು ಹತ್ತಿ ಬಂದಾಗ ಇಲ್ಲಿ ರೈತ ಕುಟುಂಬಗಳು ಇದೇ ಮೆಟ್ಟಿಲುಗದ್ದೆಗಳಲ್ಲಿ ಬೆಳೆ ತೆಗೆಯುತ್ತಿದ್ದವು, ದಾರಿ ತೋರಿಸಿದ್ದು ಅವರ ಒಬ್ಬ ಪುಟ್ಟ ಹುಡುಗ.

ಅವ್ವ ದೇವಾಲಯಗಳಿಗಿಂತ ಹೆಚ್ಚು ಹೊತ್ತು ನೋಡಿದ್ದು ಆ ಗದ್ದೆಗಳನ್ನೇ. ‘ಇಷ್ಟ್ ಮಳ್ಯಾಗ ಒಡ್ಡು ಕುಸಿದಿಲ್ಲಲ್ಲ?’ ಎಂದಳು. ಅದೇ ಸರಿಯಾದ ಪ್ರಶ್ನೆ ಎಂದಳು ಗೈಡ್. ಮೇಲೆ ಫಲವತ್ತಾದ ಮಣ್ಣು, ಕೆಳಗೆ ಮರಳು, ಅದರ ಕೆಳಗೆ ಜಲ್ಲಿ, ತಳದಲ್ಲಿ ದಪ್ಪ ಕಲ್ಲು. ಎಷ್ಟೇ ಮಳೆ ಸುರಿದರೂ ನೀರು ನಿಲ್ಲದೆ ಬಸಿದುಹೋಗುತ್ತದೆ. ಊರು ಐನೂರು ವರ್ಷ ನಿಂತಿರುವುದು ಕಾಣದ ಆ ಕೆಲಸದಿಂದ. ಅವ್ವ ತಲೆಯಾಡಿಸಿ, ‘ಒಕ್ಕಲುತನ ಗೊತ್ತಿದ್ದ ಮಂದಿ’ ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಹೋಗುವವರಿಗೆ ನಾಲ್ಕು ಮಾತು

ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ವೇಳಾಪಟ್ಟಿಯಲ್ಲಿ ಊರಿನ ಹೆಸರುಗಳ ಜೊತೆ ಎತ್ತರವನ್ನೂ ಬರೆದುಕೊಳ್ಳಿ. ಕುಸ್ಕೊದಲ್ಲಿ ಇಳಿದ ಕೂಡಲೇ ನೇರ ಉರುಬಂಬಾ ಕಣಿವೆಗೆ ಹೋಗಿ ಎರಡು ರಾತ್ರಿ ಕಳೆದು, ಮಾಚು ಪಿಚು ಮುಗಿಸಿ, ಕೊನೆಗೆ ಕುಸ್ಕೊದಲ್ಲಿ ಉಳಿಯುವ ಪ್ರವಾಸವನ್ನೇ ಆರಿಸಿ. ನಮ್ಮದು ತಲೆಕೆಳಗಾಗಿತ್ತು. ಟಿಟಿಕಾಕಾ ಸರೋವರ 3,800 ಮೀಟರ್, ಅದು ಇನ್ನೂ ಎತ್ತರ. ಮಾತ್ರೆ ಬೇಕೋ ಬೇಡವೋ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಬೇಕೆಂದರೆ ನಿಮ್ಮ ಕೈಯಾರೆ ಕೊಡಿ. ಆಕ್ಸಿಮೀಟರ್ ಇಟ್ಟುಕೊಳ್ಳಿ. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲೆಡೆ ಕೊಡುತ್ತಾರೆ, ಎಲೆಯನ್ನು ನೆನಪಿಗೆಂದು ಮನೆಗೆ ತರಬೇಡಿ, ನಮ್ಮಲ್ಲಿ ಅದು ಅಪರಾಧ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಕಿನ್ವಾ ಸೂಪು, ದಪ್ಪ ಕಾಳಿನ ಗೋವಿನಜೋಳ, ಬಗೆಬಗೆಯ ಬಟಾಟಿ ಹೊಟ್ಟೆ ತುಂಬಿಸುತ್ತವೆ. ನೇರಳೆ ಜೋಳ ಕುದಿಸಿ ಮಾಡುವ ಚಿಚಾ ಮೊರಾದಾ ಪಾನಕ ಅವ್ವನಿಗೆ ಬಹಳ ಹಿಡಿಸಿತು.

ಕಾಕು ಈಗ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಅವ್ವ ಅವರೊಡನೆ ತಪ್ಪು ಮರಾಠಿಯನ್ನು ಧೈರ್ಯವಾಗಿ ಆಡುತ್ತಾಳೆ. ಮೊನ್ನೆ ಊಟದ ಹೊತ್ತಿಗೆ ನಾನು ‘ದೀಪಾವಳಿಗೆ ನಾವು ಊರಿಗೆ ಹೋಗ್ತೀವಿ’ ಎಂದೆ. ಮಗ ತಟ್ಟೆಯಿಂದ ತಲೆ ಎತ್ತಿ, ‘ಆಪಣ್ ಕೀ ಆಮ್ಹೀ?’ ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವ್ವನ ದನಿ ಬಂತು: ‘ಆಪಣ್!’